ದೋಣಿ ಕೊಳ್ಳುವ ಮೊದಲು ಅಳಿವೆ ನೋಡಿ

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ. ಹೈದರಾಬಾದಿನ ನಿಜಾಂಪೇಟೆಯ ಫ್ಲಾಟಿನಲ್ಲಿ ಮಗಳ ಟಿಫಿನ್ ಡಬ್ಬಿಗೆ ಚಪಾತಿ ಸುತ್ತಿಡುತ್ತಿದ್ದೆ. ಊರಿನಿಂದ ತಮ್ಮನ ಫೋನ್. ಏಳೂವರೆಗೆ ಫೋನ್ ಮಾಡುವವನೇ ಅಲ್ಲ ಅವನು. ಆ ಹೊತ್ತಿಗೆ ಜಟ್ಟಿಯಲ್ಲಿ ಕೂತು ಬಲೆಯಿಂದ ಮೀನು ಬಿಡಿಸುತ್ತಿರುತ್ತಾನೆ.

"ಅಕ್ಕ, ದೋಣಿ ಹೋಯ್ತ್. ನಂಗೆಂತ ಆಯ್ಲ" ಎಂದ.

ಗಂಗೊಳ್ಳಿ ಅಳಿವೆಯಲ್ಲಿ ವಾಪಸ್ ಬರುವಾಗ ಹಿಂದಿನಿಂದ ಬಂದ ತೆರೆಯೊಂದು ದೋಣಿಯನ್ನು ಅಡ್ಡ ತಿರುಗಿಸಿ ಮಗುಚಿ ಹಾಕಿತ್ತು. ಮೂವರಿದ್ದರು. ಮೂವರನ್ನೂ ಹಿಂದಿದ್ದ ಇನ್ನೊಂದು ದೋಣಿಯವರು ಎಳೆದುಕೊಂಡರು. ಪಕ್ಕದ ಮನೆಯ ಇಪ್ಪತ್ತೆರಡರ ಹುಡುಗನ ಭುಜದ ಮೂಳೆ ಮುರಿದಿತ್ತು. ಮೋಟಾರು ನೀರಿನಡಿ ಸೇರಿತು, ಬಲೆ ಹರಿಯಿತು, ಅಪ್ಪಯ್ಯ ಮಾಡಿಸಿದ್ದ ಹಳೆಯ ಮರದ ದೋಣಿ ಕಲ್ಲಿಗೆ ಬಡಿದು ಎರಡಾಯಿತು.

ಆ ದಿನ ಆಫೀಸಿನಲ್ಲಿ ನಾನೇನು ಕೆಲಸ ಮಾಡಿದೆನೋ ನೆನಪಿಲ್ಲ. ಒಂದು ವಾರ ಕಳೆದು ಮತ್ತೆ ಫೋನ್ ಬಂತು. ಈ ಸಲ ಅವನ ಮಾತು ಬೇರೆ. ಹೊಸ ದೋಣಿ ಮಾಡಬೇಕು, ಅರ್ಧ ದುಡ್ಡು ನೀನು ಕೊಡ್ತೀಯಾ? ಹಿಂದಿನಿಂದ ಅಮ್ಮನ ಧ್ವನಿ ಕೇಳಿಸುತ್ತಿತ್ತು. "ಒಬ್ಬ ಮಗ ನಂಗೆ. ದೋಣಿ ಬ್ಯಾಡ, ಎಂತದೂ ಬ್ಯಾಡ. ನಿನ್ನ ಹೈದರಾಬಾದಿಗೇ ಕರ್ಕೋ."

ಹೊರನಾಡಿನಲ್ಲಿ ಸಂಬಳಕ್ಕಿರುವ ನಮ್ಮಲ್ಲಿ ಬಹಳ ಜನರಿಗೆ ಇಂಥ ಫೋನ್ ಬಂದಿರುತ್ತದೆ. ಒಬ್ಬರಿಗೆ ಬೋರ್‌ವೆಲ್, ಇನ್ನೊಬ್ಬರಿಗೆ ಟ್ರ್ಯಾಕ್ಟರ್, ಮತ್ತೊಬ್ಬರಿಗೆ ಅಂಗಡಿ. ನನಗೆ ದೋಣಿ. ತಮ್ಮನ ವಯಸ್ಸು ಮೂವತ್ತಾರು. ಹೈದರಾಬಾದಿಗೆ ಬಂದರೆ ಅವನಿಗೆ ಸಿಗುವುದು ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯುವ ಕೆಲಸ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಕೊಡ್ತೇನೆ ಎಂದೆ. ಆದರೆ ಒಂದು ಷರತ್ತು ಹಾಕಿದೆ: ಯಾವ ದೋಣಿ ಎಂದು ನಾವಿಬ್ಬರೂ ಕೂತು ನಿರ್ಧರಿಸಬೇಕು.

ಎಕ್ಸೆಲ್ ಹಾಳೆಯಲ್ಲಿ ಸಮುದ್ರ

ಔಷಧ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಹದಿನೈದು ವರ್ಷದಿಂದ ನನ್ನ ಕೆಲಸವೇ ಕೊಟೇಶನ್ ತರಿಸುವುದು, ಪಕ್ಕಪಕ್ಕ ಇಟ್ಟು ತೂಗುವುದು, ಚೌಕಾಸಿ ಮಾಡುವುದು. ದೋಣಿಗೂ ಅದನ್ನೇ ಮಾಡಿದೆ. ಎಕ್ಸೆಲ್‌ನಲ್ಲಿ ಕಾಲಂ ಹಾಕಿದೆ: ಉದ್ದ, ಅಗಲ, ಮರವೋ ಫೈಬರೋ, ಮೋಟಾರು, ಬೆಲೆ, ವಾರಂಟಿ. ನಾಲ್ಕು ಆಯ್ಕೆ ಸಿಕ್ಕವು.

ಮೊದಲನೆಯದು, ನಾಲ್ಕು ಜನ ಪಾಲು ಹಾಕಿ ಕೊಳ್ಳುವ ಮೂವತ್ತೆರಡು ಅಡಿಯ ದೊಡ್ಡ ದೋಣಿ. ಎರಡನೆಯದು, ಇಪ್ಪತ್ತಾರು ಅಡಿಯ ಹೊಸ ಫೈಬರ್ ನಾಡದೋಣಿ. ಮೂರನೆಯದು ಅದೇ ಅಳತೆಯ ಸೆಕೆಂಡ್‌ಹ್ಯಾಂಡ್, ಬೆಲೆ ಹೆಚ್ಚುಕಡಿಮೆ ಅರ್ಧ. ನಾಲ್ಕನೆಯದನ್ನು ಸೂಚಿಸಿದವರು ನಮ್ಮ ಆಫೀಸಿನ ಸಹೋದ್ಯೋಗಿ, ಶ್ರೀಕಾಕುಳಂ ಕಡೆಯವರು. ಅವರ ಊರಿನ ತೀರದಲ್ಲಿ ಮರಳಿನ ಮೇಲೆ ಸಾಲಾಗಿ ನಿಂತ ಫೈಬರ್ ತೆಪ್ಪಗಳ ಫೋಟೊ ಕಳಿಸಿ, "ಇದು ನೋಡಿ ಮೇಡಂ, ಹಗುರ, ಅಗ್ಗ, ಎಂಥ ತೆರೆಯನ್ನೂ ದಾಟುತ್ತದೆ" ಎಂದರು.

ನನ್ನ ಹಾಳೆಯ ಲೆಕ್ಕದಲ್ಲಿ ಗೆದ್ದದ್ದು ಸೆಕೆಂಡ್‌ಹ್ಯಾಂಡ್ ದೋಣಿ. ಉಳಿದ ದುಡ್ಡಿನಲ್ಲಿ ಹೊಸ ಬಲೆ ಬರುತ್ತದೆ ಎಂದು ಬರೆದು ತಮ್ಮನಿಗೆ ಕಳಿಸಿದೆ. ಅವನು ಒಂದೇ ಮಾತು ಹೇಳಿದ: "ನವರಾತ್ರಿಗೆ ಬತ್ತ್ಯಲ, ದೊಡ್ಡಪ್ಪಯ್ಯನ ಹತ್ರ ತೋರ್ಸುವ."

ದೊಡ್ಡಪ್ಪಯ್ಯನಿಗೆ ಈಗ ಎಪ್ಪತ್ನಾಲ್ಕು. ರಂಪಣಿ ಬಲೆ ಎಳೆಯಲು ಊರಿಗೆ ಊರೇ ಮರಳಿಗಿಳಿಯುತ್ತಿದ್ದ ಕಾಲವನ್ನೂ ಕಂಡವರು, ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು ಆ ರಂಪಣಿ ಮರೆಯಾದದ್ದನ್ನೂ ಕಂಡವರು. ನಾನು ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ನೋಡಿದರು. "ಇದ್ರಗೆ ಅಳ್ವೆ ಎಲ್ಲಿತ್ತ್?" ಎಂದು ಕೇಳಿದರು.

ನನ್ನ ಹಾಳೆಯಲ್ಲಿ ಅಳಿವೆಗೆ ಕಾಲಂ ಇರಲಿಲ್ಲ.

ಅಳಿವೆ ಬಾಗಿಲಲ್ಲಿ ಒಂದು ಬೆಳಿಗ್ಗೆ

ಮರುದಿನ ಬೆಳಕು ಹರಿಯುವ ಮೊದಲೇ ಅವರು ನಮ್ಮನ್ನು ಅಳಿವೆಗೆ ಕರೆದುಕೊಂಡು ಹೋದರು. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಐದು ಹೊಳೆಗಳ ನೀರು ಒಂದೇ ಬಾಗಿಲಿನಿಂದ ಹೊರಹೋಗಬೇಕು, ಕಡಲ ತೆರೆ ಅದೇ ಬಾಗಿಲಿನಿಂದ ಒಳಗೆ ಬರಬೇಕು. ಹೊಳೆ ತಂದ ಹೂಳು ಅಲ್ಲೇ ಕೂರುತ್ತದೆ, ವರ್ಷವರ್ಷವೂ ಜಾಗ ಬದಲಿಸುತ್ತದೆ.

"ಕಡ್ಲಗೆ ದೋಣಿ ಮೊಗ್ಚುದ್ ಕಮ್ಮಿ ಹೆಣ್ಣೆ. ಅಳ್ವೆಯಗೇ ಮೊಗ್ಚುದ್" ಎಂದರು ದೊಡ್ಡಪ್ಪಯ್ಯ.

ನಾವು ಹೋದಾಗ ಇಳಿತ ನಡೆದಿತ್ತು. ಹೊರಗೆ ಸಮುದ್ರ ಶಾಂತವಾಗಿಯೇ ಕಾಣುತ್ತಿತ್ತು. ಆದರೆ ಹೊಳೆಯ ನೀರು ಹೊರಗೆ ನುಗ್ಗುವ ಜಾಗದಲ್ಲಿ ಅದೇ ತೆರೆಗಳು ಎದುರು ಒತ್ತಡಕ್ಕೆ ಕುಗ್ಗಿ, ಎತ್ತರಕ್ಕೆ ಎದ್ದು, ಗೋಡೆಯ ಹಾಗೆ ನಿಂತು ಒಡೆಯುತ್ತಿದ್ದವು. ತೆರೆಯ ಎತ್ತರ ನೀರಿನ ಆಳದ ಸುಮಾರು ಮುಕ್ಕಾಲು ಪಾಲು ಮುಟ್ಟಿದರೆ ತೆರೆ ಒಡೆಯುತ್ತದೆ ಎಂಬುದು ಕಡಲ ವಿಜ್ಞಾನದ ಲೆಕ್ಕ. ಹೂಳು ತುಂಬಿ ಎರಡು ಮೀಟರ್ ಆಳ ಉಳಿದ ಕಡೆ ಒಂದೂವರೆ ಮೀಟರ್ ತೆರೆ ಒಡೆಯುತ್ತದೆ. ನಾಲ್ಕು ಮೀಟರ್ ಆಳವಿದ್ದರೆ ಅದೇ ತೆರೆ ಸುಮ್ಮನೆ ದೋಣಿಯನ್ನೆತ್ತಿ ಇಳಿಸಿ ಹೋಗುತ್ತದೆ. ದೊಡ್ಡಪ್ಪಯ್ಯ ಇದನ್ನು ಲೆಕ್ಕದಲ್ಲಿ ಹೇಳಲಿಲ್ಲ. ನೀರಿನ ಬಣ್ಣ ತೋರಿಸಿ ಹೇಳಿದರು.

ಹೊರಗೆ ಹೋಗುವಾಗ ತೆರೆ ಎದುರಿಗಿರುತ್ತದೆ, ಕಣ್ಣಿಗೆ ಕಾಣುತ್ತದೆ, ದೋಣಿಯ ಮುಂಭಾಗ ಅದನ್ನು ಸೀಳುತ್ತದೆ. ವಾಪಸ್ ಬರುವಾಗ ತೆರೆ ಬೆನ್ನಿಗೆ. ದೋಣಿಯಲ್ಲಿ ಒದ್ದೆ ಬಲೆ, ಮೀನು, ದಣಿದ ಜನ. ಹಿಂಬದಿಯಲ್ಲಿ ಮೋಟಾರಿನ ಭಾರ. ತೆರೆ ಹಿಂಬದಿಯನ್ನು ಎತ್ತಿದಾಗ ಮುಂಭಾಗ ನೀರಿಗೆ ಚುಚ್ಚಿಕೊಂಡರೆ ದೋಣಿ ಅಡ್ಡ ತಿರುಗುತ್ತದೆ. ಮುಂದಿನ ತೆರೆ ಪಕ್ಕಕ್ಕೆ ಬಡಿಯುತ್ತದೆ. ನಮ್ಮ ದೋಣಿಗೆ ಆದದ್ದು ಅದೇ.

"ಹೋಪುದ್ ಯಾವ ದೋಣಿಯೂ ಹೋತ್ತ್. ತಿರ್ಗಿ ಬಪ್ಪುದ್ ಕಾಣ್ಕ್" ಎಂದು ಅವರು ಎದ್ದರು. ನನ್ನ ಎಕ್ಸೆಲ್ ಹಾಳೆಯನ್ನು ಆ ರಾತ್ರಿ ಮೊದಲಿನಿಂದ ಬರೆದೆ.

ಅಗಲಕ್ಕೆ ಕೊಡುವ ಬೆಲೆ

ದೋಣಿ ಎಂದರೆ ನಾನು ಮೊದಲು ನೋಡುತ್ತಿದ್ದದ್ದು ಉದ್ದ. ನೋಡಬೇಕಾದದ್ದು ಅಗಲ. ದೋಣಿ ಪಕ್ಕಕ್ಕೆ ವಾಲದೆ ನಿಲ್ಲುವ ಬಲ ಅಗಲದ ಘನದ ಲೆಕ್ಕದಲ್ಲಿ ಏರುತ್ತದೆ. ಐದು ಅಡಿ ಅಗಲದ ದೋಣಿಯನ್ನು ಐದೂವರೆ ಅಡಿ ಮಾಡಿದರೆ ಅಗಲ ಹತ್ತನೇ ಒಂದು ಪಾಲು ಹೆಚ್ಚಿತು. ನಿಲ್ಲುವ ಬಲ ಮಾತ್ರ ಸುಮಾರು ಮೂರನೇ ಒಂದು ಪಾಲು ಹೆಚ್ಚುತ್ತದೆ. ಇಬ್ಬರು ಒಂದೇ ಬದಿಗೆ ಬಾಗಿ ಬಲೆ ಎಳೆಯುವ ದೋಣಿಗೆ ಈ ಅರ್ಧ ಅಡಿ ದೊಡ್ಡ ಆಸ್ತಿ.

ಹಾಗೆಂದು ಅಗಲವನ್ನು ಎಷ್ಟು ಬೇಕಾದರೂ ಹಿಗ್ಗಿಸುವಂತಿಲ್ಲ. ಅಗಲವಾದ, ಅಡಿ ಚಪ್ಪಟೆಯಾದ ದೋಣಿ ಹೊಳೆಯಲ್ಲಿ ಹಾಸಿಗೆಯಂತೆ ನಿಲ್ಲುತ್ತದೆ. ಕಡಲಿಗೆ ಹೋದರೆ ಪ್ರತಿ ತೆರೆಗೂ ಅಡಿ ಬಡಿದು ಬೆನ್ನುಮೂಳೆ ಕುಲುಕುತ್ತದೆ, ಮೋಟಾರು ಹೆಚ್ಚು ಎಣ್ಣೆ ಕುಡಿಯುತ್ತದೆ. ಅಡಿ ತೀರಾ ಚೂಪಾಗಿದ್ದರೆ ತೆರೆ ಚೆನ್ನಾಗಿ ಸೀಳುತ್ತದೆ, ಆದರೆ ನಿಂತಲ್ಲಿ ತೂಗುತ್ತದೆ. ನಮಗೆ ಬೇಕಾದದ್ದು ಮುಂಭಾಗ ಚೂಪಾಗಿ ಎತ್ತರವಾಗಿ, ನಡುವಿನಿಂದ ಹಿಂದಕ್ಕೆ ಅಗಲವಾಗಿ ಬರುವ ದೋಣಿ. ಎತ್ತರದ ಮುಂಭಾಗ ಬೆನ್ನ ಹಿಂದಿನ ತೆರೆಯಲ್ಲಿ ನೀರಿಗೆ ಚುಚ್ಚಿಕೊಳ್ಳುವುದಿಲ್ಲ.

ಸಹೋದ್ಯೋಗಿ ಕಳಿಸಿದ ಶ್ರೀಕಾಕುಳಂ ಫೋಟೊವನ್ನೂ ದೊಡ್ಡಪ್ಪಯ್ಯನಿಗೆ ತೋರಿಸಿದೆ. ಅವರು ಬೈಯಲಿಲ್ಲ. "ಒಳ್ಳೆ ದೋಣಿ. ಆದ್ರೆ ಹೊಯ್ಗೆ ಮೇಲೆ ಎಳುವ ದೋಣಿ" ಎಂದರು. ಆಂಧ್ರದ ತೀರದಲ್ಲಿ ಬಹಳ ಕಡೆ ಬಂದರಿಲ್ಲ, ಹೊಳೆಬಾಯಿಯಿಲ್ಲ. ತೆರೆ ಒಡೆಯುವ ಮರಳ ದಂಡೆಯಿಂದಲೇ ಹೊರಟು ಅಲ್ಲಿಗೇ ಬಂದು ಹತ್ತಬೇಕು. ಹಾಗಾಗಿ ಅಲ್ಲಿ ಹಗುರವಾದ, ಅಡಿ ಗಟ್ಟಿಯಾದ, ಹತ್ತು ಜನ ಎಳೆದರೆ ಮೇಲೆ ಬರುವ ದೋಣಿ ಬೇಕು. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಂಗಾಳ ಕೊಲ್ಲಿ ಯೋಜನೆಯಡಿ ಅಂಥ ತೀರಗಳಿಗೆಂದೇ ಪ್ರತ್ಯೇಕ ದೋಣಿಗಳನ್ನು ರೂಪಿಸಿತ್ತು. ಮರವಂತೆಯ ಮರಳಿನಿಂದ ಹೊರಡುವವನಿಗೆ ಒಂದು ದೋಣಿ, ಆಚೆಯ ಗಂಗೊಳ್ಳಿ ಹೊಳೆಯಲ್ಲಿ ಕಟ್ಟುವವನಿಗೆ ಇನ್ನೊಂದು ದೋಣಿ. ಕಡಲು ಒಂದೇ ಆದರೂ ಬಾಗಿಲು ಬೇರೆ.

ಮೂವತ್ತೆರಡು ಅಡಿಯ ಪಾಲಿನ ದೋಣಿಯನ್ನು ಕೈಬಿಡಲು ಕಾರಣ ಬೇರೆಯೇ ಇತ್ತು. ಅದಕ್ಕೆ ಏಳೆಂಟು ಜನ ಬೇಕು. ಬೂತಾಯಿ, ಬಂಗುಡೆ ಹಿಂಡು ಹಿಂಡಾಗಿ ಬಂದ ದಿನ ಅದು ಲಾಭ. ಬರದ ದಿನ ಎಣ್ಣೆ ಖರ್ಚು ಹುಟ್ಟುವುದೂ ಕಷ್ಟ. ತಮ್ಮನ ಬಳಿ ಇರುವುದು ಕಂತುಬಲೆಯ ಕೆಲಸ, ಜೊತೆಗೆ ಇಬ್ಬರು. ಅವನ ಮೀನು ಕಾಣೆ, ನಂಗು, ಸೀಗಡಿ, ಅದೃಷ್ಟವಿದ್ದರೆ ನಾಲ್ಕು ಅಂಜಲ್. ಎಲ್ಲವೂ ಕರೆಯ ಹತ್ತಿರದ್ದು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಕರೆಯಿಂದ 6 ಕಿ.ಮೀ.ವರೆಗಿನ ನೀರನ್ನು ಇಂಥ ಸಾಂಪ್ರದಾಯಿಕ ದೋಣಿಗಳಿಗೇ ಮೀಸಲಿಟ್ಟಿದೆ. ಆ ನೀರಿನಲ್ಲಿ ದುಡಿಯುವವನಿಗೆ ಆ ನೀರಿಗೆ ತಕ್ಕ ದೋಣಿ ಸಾಕು.

ಮರ ತೇಲುತ್ತದೆ, ಫೈಬರ್ ಮುಳುಗುತ್ತದೆ

ಅಪ್ಪಯ್ಯನ ದೋಣಿ ಹೆಬ್ಬಲಸಿನದು. ವರ್ಷಕ್ಕೊಮ್ಮೆ ಅದನ್ನು ಮೇಲೆಳೆದು ಗೇರೆಣ್ಣೆ ಬಳಿಯುವ ವಾಸನೆ ನನ್ನ ಬಾಲ್ಯದ ವಾಸನೆ. ಈಗ ಅಂಥ ಮರವೂ ಸುಲಭಕ್ಕಿಲ್ಲ, ಮರ ಕೆತ್ತುವ ಆಚಾರಿಗಳೂ ವಿರಳ. ಫೈಬರ್‌ಗೆ ಹುಳ ಹಿಡಿಯುವುದಿಲ್ಲ, ನೀರು ಕುಡಿದು ಭಾರವಾಗುವುದಿಲ್ಲ, ಒಡೆದರೆ ಬಟ್ಟೆಗೆ ತೇಪೆ ಹಾಕಿದ ಹಾಗೆ ಹಚ್ಚಬಹುದು. ಹಾಗಾಗಿ ಫೈಬರ್ ಎಂಬುದರಲ್ಲಿ ಜಗಳ ಇರಲಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಮರದ ದೋಣಿ ನೀರು ತುಂಬಿದರೂ ಮುಳುಗದೆ ನೀರಿನ ಮಟ್ಟದಲ್ಲಿ ತೇಲುತ್ತದೆ, ಹಿಡಿದುಕೊಳ್ಳಲು ಏನೋ ಒಂದಿರುತ್ತದೆ. ಆ ಬೆಳಿಗ್ಗೆ ಮೂವರೂ ಹಿಡಿದುಕೊಂಡಿದ್ದು ಮಗುಚಿದ ಆ ಮರವನ್ನೇ. ಫೈಬರ್ ನೀರಿಗಿಂತ ಭಾರ. ನೀರು ತುಂಬಿತೆಂದರೆ ಮೋಟಾರಿನ ಸಮೇತ ಕೆಳಗೆ ಹೋಗುತ್ತದೆ. ಅದು ತೇಲಬೇಕೆಂದರೆ ಮುಂದೆ, ಹಿಂದೆ, ಆಸನದ ಕೆಳಗೆ ಗಾಳಿಯಾಡದ ಕೋಣೆ ಮಾಡಿ ಒಳಗೆ ಫೋಮ್ ತುಂಬಿರಬೇಕು. ಕೊಟೇಶನ್ ಕೊಟ್ಟ ಒಂದು ಯಾರ್ಡಿನಲ್ಲಿ ಕೇಳಿದೆ, "ಥರ್ಮೋಕೋಲ್ ಹಾಕ್ತೇವೆ ಮೇಡಂ" ಎಂದರು. ಔಷಧ ಕಂಪನಿಯಲ್ಲಿದ್ದು ರಾಸಾಯನಿಕಗಳ ಅಲ್ಪಸ್ವಲ್ಪ ಪರಿಚಯ ನನಗಿದೆ. ಥರ್ಮೋಕೋಲ್ ಪೆಟ್ರೋಲ್ ತಾಗಿದರೆ ಕರಗುತ್ತದೆ. ಫೈಬರ್ ಅಂಟಿಸುವ ರಾಳದಲ್ಲಿರುವ ಸ್ಟೈರೀನ್ ತಾಗಿದರೂ ಕರಗುತ್ತದೆ. ದೋಣಿಯ ತಳದಲ್ಲಿ ಚೆಲ್ಲಿದ ಪೆಟ್ರೋಲ್ ಸೋರಿ ಒಳಗೆ ಹೋದರೆ ನಾವು ನಂಬಿದ ತೇಲುವ ಕೋಣೆ ಖಾಲಿ ಡಬ್ಬಿಯಾಗಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಪಾಲಿಯುರೆಥೇನ್ ಫೋಮ್ ಬೇಕು ಎಂದು ಬರೆಸಿದೆ. ದರ ಸ್ವಲ್ಪ ಏರಿತು. ಹದಿನೈದು ವರ್ಷದ ಖರೀದಿ ಕೆಲಸದಲ್ಲಿ ಚೌಕಾಸಿ ಮಾಡದೆ ಒಪ್ಪಿದ ಮೊದಲ ದರ ಅದು.

ಇನ್ನು ನಾನು ಮೆಚ್ಚಿದ್ದ ಸೆಕೆಂಡ್‌ಹ್ಯಾಂಡ್ ದೋಣಿ. ನೋಡಲು ಹೋದೆವು. ಹೊಸ ನೀಲಿ ಬಣ್ಣ ಬಳಿದು ಮದುಮಗನ ಹಾಗೆ ನಿಲ್ಲಿಸಿದ್ದರು. ದೊಡ್ಡಪ್ಪಯ್ಯ ಕಿಸೆಯಿಂದ ಐದು ರೂಪಾಯಿ ನಾಣ್ಯ ತೆಗೆದು ಮುಂಭಾಗದಿಂದ ಹಿಂದಿನವರೆಗೆ ತಟ್ಟುತ್ತಾ ಬಂದರು. ಟಕ್ ಟಕ್ ಎಂದು ಗಟ್ಟಿ ಸದ್ದು. ಮೋಟಾರು ಕೂರಿಸುವ ಹಿಂಬದಿ ಹಲಗೆಗೆ ಬಂದಾಗ ಸದ್ದು ಬದಲಾಯಿತು, ಹಳಸಿದ ಹಲಸಿನ ಹಣ್ಣು ತಟ್ಟಿದ ಹಾಗೆ. ಆ ಹಲಗೆಯ ಒಳಗೆ ಮರವಿಟ್ಟು ಮೇಲೆ ಫೈಬರ್ ಹೊದಿಸಿರುತ್ತಾರೆ. ಬೋಲ್ಟಿನ ತೂತಿನಿಂದ ನೀರಿಳಿದು ಒಳಗಿನ ಮರ ಕೊಳೆತಿತ್ತು. ಮೇಲೆ ಬಣ್ಣ. ಮೋಟಾರಿನ ತೂಕ, ಅದರ ತಳ್ಳುವ ಬಲ ಎರಡೂ ಬೀಳುವುದು ಆ ಹಲಗೆಯ ಮೇಲೆ. ಅದು ಅಳಿವೆಯ ನಡುವೆ ಕಿತ್ತುಬಂದಿದ್ದರೆ? ನನ್ನ ಹಾಳೆಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಆ ದೋಣಿ.

ಹತ್ತು ಅಶ್ವಶಕ್ತಿಯ ಲೆಕ್ಕ

ದೋಣಿ ನೋಡಿದ ಮೇಲೆ ಮೋಟಾರು. ನಮ್ಮೂರಲ್ಲಿ ಯಾರನ್ನು ಕೇಳಿದರೂ 9.9 ಎನ್ನುತ್ತಾರೆ. ಅದೇನು ದಶಮಾಂಶದ ಲೆಕ್ಕ ಎಂದು ನನಗೆ ಕುತೂಹಲ. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಆದರೆ 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಮಲ್ಪೆಯ, ಗಂಗೊಳ್ಳಿಯ ದೊಡ್ಡ ದೋಣಿಗಳೆಲ್ಲ ದಡದಲ್ಲಿ ಕಟ್ಟಿರುವಾಗ ನಾಡದೋಣಿಯವರ ಮೀನಿಗೆ ಒಳ್ಳೆಯ ದರ. ತೂಫಾನ್ ಎದ್ದು ಕಡಲು ಒಮ್ಮೆ ಕಲಕಿ ಇಳಿಯಲಿ ಎಂದು ಅವರು ಕಾಯುವುದು ಅದಕ್ಕೇ.

ಇದರಲ್ಲಿ ನನಗೆ ಹೊಳೆದ ಸಂಗತಿ ಬೇರೆ. ನಾಡದೋಣಿಯವನು ನಾಲ್ಕು ಕಾಸು ನೋಡುವ ಕಾಲವೂ ಅಳಿವೆ ಅತಿ ಕೆಟ್ಟಿರುವ ಕಾಲವೂ ಒಂದೇ. ಆಗ ಅವನ ಕೈಯಲ್ಲಿರುವುದು ಹತ್ತರೊಳಗಿನ ಮೋಟಾರು. ದೊಡ್ಡ ಮೋಟಾರಿನಿಂದ ತೆರೆಗಿಂತ ಮುಂದೆ ಓಡಿ ಪಾರಾಗುತ್ತೇನೆ ಎಂಬ ಆಯ್ಕೆ ಅವನಿಗಿಲ್ಲ. ಹಾಗಾಗಿ ದೋಣಿಯ ಆಕಾರವೇ ಅವನನ್ನು ಕಾಯಬೇಕು. ಈ ಒಂದು ಮಾತು ಗೊತ್ತಾದ ಮೇಲೆ ನಾನು ಅಗಲದ ಬೆಲೆಯ ಬಗ್ಗೆ ಮತ್ತೆ ತಕರಾರು ಮಾಡಲಿಲ್ಲ.

ಎಣ್ಣೆ ಯಾವುದು ಎಂಬ ಚರ್ಚೆ ಎರಡು ಸಂಜೆ ನಡೆಯಿತು. ಹಳೆಯದು ಸೀಮೆಎಣ್ಣೆಯ ಟೂ ಸ್ಟ್ರೋಕ್ ಮೋಟಾರು. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ತಿರುಗಿಸಬೇಕು. ಸಬ್ಸಿಡಿ ಸೀಮೆಎಣ್ಣೆ ಸಿಕ್ಕಾಗ ಅಗ್ಗ, ಸಿಗದಾಗ ದೋಣಿ ದಡದಲ್ಲಿ. ಪೆಟ್ರೋಲಿನ ಫೋರ್ ಸ್ಟ್ರೋಕ್ ಮೋಟಾರು ಕೊಳ್ಳುವಾಗ ದುಬಾರಿ, ತೂಕವೂ ಸ್ವಲ್ಪ ಹೆಚ್ಚು. ಆದರೆ ಎಣ್ಣೆ ಕಡಿಮೆ ಕುಡಿಯುತ್ತದೆ, ಹೊಗೆ ಕಡಿಮೆ, ಹಗ್ಗ ಎಳೆದರೆ ಬೇಗ ಶುರುವಾಗುತ್ತದೆ. ಅಳಿವೆಯ ನಡುವೆ ಮೋಟಾರು ನಿಂತರೆ ಎರಡನೇ ಎಳೆತಕ್ಕೆ ಶುರುವಾಗಬೇಕು, ಹತ್ತನೆಯದಕ್ಕಲ್ಲ. ತಮ್ಮ ಪೆಟ್ರೋಲ್ ಎಂದ. ಊರಲ್ಲಿ ರಿಪೇರಿ ಮಾಡುವವನು ಯಾವ ಕಂಪನಿಯ ಬಿಡಿಭಾಗ ಇಟ್ಟುಕೊಂಡಿದ್ದಾನೆ ಎಂದು ನೋಡಿಯೇ ಕಂಪನಿ ಆರಿಸಿದೆವು. ಕ್ಯಾಟಲಾಗ್ ಎಷ್ಟು ಚೆನ್ನಾಗಿದ್ದರೂ ಒಂದು ಬಿಡಿಭಾಗಕ್ಕೆ ಹದಿನೈದು ದಿನ ಕಾದರೆ ಸೀಸನ್ ಮುಗಿದಿರುತ್ತದೆ.

ಇನ್ನೊಂದು ಸಣ್ಣ ವಿಷಯ. ಮೋಟಾರಿನ ಕಾಲು 15 ಇಂಚು, 20 ಇಂಚು ಎಂದು ಎರಡು ಅಳತೆಯಲ್ಲಿ ಬರುತ್ತದೆ. ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಅದು ಹೊಂದಬೇಕು. ಎತ್ತರದ ಹಲಗೆಗೆ ಗಿಡ್ಡ ಕಾಲು ಹಾಕಿದರೆ ತೆರೆ ಎತ್ತಿದಾಗಲೆಲ್ಲ ಪಂಕ ಗಾಳಿಯಲ್ಲಿ ಸುತ್ತುತ್ತದೆ. ದೋಣಿ ಒಂದು ಕಡೆ, ಮೋಟಾರು ಇನ್ನೊಂದು ಕಡೆ ಆರ್ಡರ್ ಮಾಡುವವರು ಮೊದಲು ಟೇಪು ಹಿಡಿದು ಅಳೆಯಿರಿ.

ನಿಜಾಂಪೇಟೆಯಲ್ಲೊಂದು ಸಮುದ್ರ

ಹೈದರಾಬಾದಿಗೆ ವಾಪಸ್ ಬಂದ ಮೇಲೆ ನನಗೊಂದು ಅಚ್ಚರಿ ಕಾದಿತ್ತು. ಅಳಿವೆಯಲ್ಲಿ ತೆರೆ ಎಷ್ಟಿರುತ್ತದೆ ಎಂದು ಮುಂಚೆಯೇ ತಿಳಿಯಲು ದಾರಿಯಿದೆಯೇ ಎಂದು ಹುಡುಕುತ್ತಾ ಹೋದವಳು ಬಂದು ನಿಂತದ್ದು ನನ್ನದೇ ಬಡಾವಣೆಯಲ್ಲಿ. ದೇಶದ ಮೀನುಗಾರರಿಗೆ ಕಡಲ ಮುನ್ಸೂಚನೆ ಕೊಡುವ, ಸುನಾಮಿ ಎಚ್ಚರಿಕೆ ಕೊಡುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇರುವುದು ನಿಜಾಂಪೇಟೆಯ ಪಕ್ಕದ ಪ್ರಗತಿನಗರದಲ್ಲಿ. 1999ರಲ್ಲಿ ಶುರುವಾದ ಸಂಸ್ಥೆ. ಸಮುದ್ರವೇ ಇಲ್ಲದ ಊರಿಗೆ ಬಂದೆ ಎಂದು ಹದಿನೈದು ವರ್ಷ ಕೊರಗಿದ್ದೆ. ನಮ್ಮೂರ ತೆರೆಯ ಲೆಕ್ಕ ನನ್ನ ಮನೆಯ ಪಕ್ಕದಲ್ಲೇ ನಡೆಯುತ್ತಿತ್ತು!

ಅವರು ಸಣ್ಣ ದೋಣಿಗಳಿಗೆಂದೇ ಒಂದು ಮುನ್ಸೂಚನೆ ಕೊಡುತ್ತಾರೆ. ಅಗಲ 7 ಮೀಟರ್‌ವರೆಗಿನ ದೋಣಿಗಳಿಗೆ ಹತ್ತು ದಿನ ಮುಂಚೆಯೇ ಯಾವ ನೀರಿನಲ್ಲಿ ಮಗುಚುವ ಅಪಾಯ ಹೆಚ್ಚು ಎಂದು ದೋಣಿ ಸುರಕ್ಷತಾ ಸೂಚ್ಯಂಕದಲ್ಲಿ ತೋರಿಸುತ್ತಾರೆ. ತೆರೆಯ ಎತ್ತರವಷ್ಟೇ ಅಲ್ಲ, ತೆರೆ ಎಷ್ಟು ಕಡಿದಾಗಿದೆ, ಎಷ್ಟು ದಿಕ್ಕಿನಿಂದ ಬರುತ್ತಿದೆ, ಗಾಳಿ ಎಷ್ಟು ಬೇಗ ಏಳುತ್ತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿಯೂ ದೋಣಿಯ ಅಗಲವನ್ನೇ ಕೇಳುತ್ತಾರೆ ಎಂದು ನೋಡಿದಾಗ ದೊಡ್ಡಪ್ಪಯ್ಯನ ಮುಖ ಕಣ್ಣಮುಂದೆ ಬಂತು. ಆದರೆ ಈ ಮುನ್ಸೂಚನೆ ಹೊರಗಿನ ಕಡಲಿನದು. ಅಳಿವೆಯ ಹೂಳು ಇವತ್ತು ಎಲ್ಲಿದೆ ಎಂದು ಅದು ಹೇಳಲಾರದು. ಅದನ್ನು ನೋಡಲು ದಡದಲ್ಲಿ ನಿಂತ ಕಣ್ಣೇ ಬೇಕು.

ದುಡ್ಡು, ಕಾಗದ, ಜಾಕೆಟ್

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರು ಹಳೆಯ ದೋಣಿ ಬದಲಿಸಿ ಹೊಸ ದೋಣಿ, ಬಲೆ ಕೊಳ್ಳಲು ನೆರವಿದೆ. ಘಟಕ ವೆಚ್ಚ 5 ಲಕ್ಷ ರೂಪಾಯಿ ಎಂದು ಲೆಕ್ಕ. ಸಾಮಾನ್ಯ ವರ್ಗಕ್ಕೆ ಅದರ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ. ಮೀನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಆದರೆ ಅವಸರದಲ್ಲಿ ದೋಣಿ ಕೊಂಡು ಆಮೇಲೆ ಬಿಲ್ಲು ಹಿಡಿದು ಹೋಗಬೇಡಿ. ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಈ ವರ್ಷ ಅನುದಾನ ಇದೆಯೇ, ಯಾವ ಕಾಗದ ಬೇಕು ಎಂದು ಕೇಳಿ. ನಮ್ಮ ಅರ್ಜಿ ಸರದಿಯಲ್ಲಿ ಹಿಂದಿತ್ತು. ಕಾಯುತ್ತಾ ಕೂತರೆ ಇನ್ನೊಂದು ಸೀಸನ್ ಹೋಗುತ್ತಿತ್ತು. ನನ್ನ ಪಿಎಫ್ ದುಡ್ಡು, ಅವನ ಸೊಸೈಟಿ ಸಾಲ ಸೇರಿಸಿಯೇ ಮುಂದುವರಿದೆವು.

ನಾನು ಕೊಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಮೊದಲೇ ಬೇರೆ ತೆಗೆದಿಟ್ಟೆ. ಅದರಲ್ಲಿ ಮೂರು ಲೈಫ್ ಜಾಕೆಟ್, ಲಂಗರು ಮತ್ತು ಉದ್ದ ಹಗ್ಗ, ಎರಡು ಹುಟ್ಟು, ಫೋನಿಗೆ ನೀರು ಹೋಗದ ಚೀಲ. ಗುಂಪು ಅಪಘಾತ ವಿಮೆಯಲ್ಲಿ ಮೂವರ ಹೆಸರೂ ಇದೆಯೇ ಎಂದು ನಾನೇ ನೋಡಿದೆ. ಜೀವ ಹೋದರೆ 5 ಲಕ್ಷ ಬರುವ ವಿಮೆ ಅದು. ಆಸ್ಪತ್ರೆ ಖರ್ಚಿಗೆ ಸಿಗುವುದು 25 ಸಾವಿರ. ಭುಜ ಮುರಿದ ಹುಡುಗನ ಅಮ್ಮ ಆ ಫಾರಂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಜಾಕೆಟ್ ಹಾಕಿದರೆ ಬಲೆ ಎಳೆಯಲು ಕೈ ಆಡುವುದಿಲ್ಲ ಎಂದು ತಮ್ಮ ಗೊಣಗಿದ. ಬಲೆ ಎಳೆಯುವಾಗ ಬೇಡ, ಅಳಿವೆ ದಾಟುವ ಹತ್ತು ನಿಮಿಷ ಹಾಕು ಎಂದೆ. ಹತ್ತು ನಿಮಿಷ ಎಂದಾಗ ಒಪ್ಪಿದ. ದುಡ್ಡು ಕಳಿಸುವ ನಾವು ಊರಿನವರ ಮೇಲೆ ಏನಾದರೂ ಹೇರಲು ಹೋದರೆ ಅವರು ಹೂಂ ಎಂದು ಫೋನಿಡುತ್ತಾರೆ. ಅವರ ಕೆಲಸಕ್ಕೆ ಹೊಂದುವಷ್ಟು ಕೇಳಿದರೆ ಮಾಡುತ್ತಾರೆ.

ಇಪ್ಪತ್ತಾರು ಅಡಿ ಎಂದಿದ್ದ ದೋಣಿಯನ್ನು ಇಪ್ಪತ್ನಾಲ್ಕಕ್ಕೆ ಇಳಿಸಿ ಅಗಲವನ್ನು ಐದೂವರೆಗೆ ಏರಿಸಿದೆವು. ಫೈಬರ್ ಪದರ ಹಾಕುವಾಗ ದೊಡ್ಡಪ್ಪಯ್ಯ ಯಾರ್ಡಿನಲ್ಲಿ ಎರಡು ದಿನ ಕುರ್ಚಿ ಹಾಕಿ ಕೂತಿದ್ದರು. ಹಿಂಬದಿ ಹಲಗೆಯ ಬೋಲ್ಟಿನ ತೂತಿಗೆ ಸೀಲ್ ಹಾಕಿದ್ದನ್ನು ನೋಡಿದ ಮೇಲೆಯೇ ಎದ್ದರಂತೆ. ದೋಣಿ ನೀರಿಗಿಳಿಸುವ ದಿನ ನನಗೆ ರಜೆ ಸಿಗಲಿಲ್ಲ. ವಿಡಿಯೊ ಕಾಲ್‌ನಲ್ಲಿ ನೋಡಿದೆ. ಅಮ್ಮ ಆರತಿ ಎತ್ತಿದಳು, ಮಾತಾಡಲಿಲ್ಲ. ಹುಡುಗನ ಭುಜ ಕೂಡಿಕೊಂಡಿದೆ, ಈಗ ಮತ್ತೆ ಇದೇ ದೋಣಿಗೆ ಬರುತ್ತಿದ್ದಾನೆ.

ಈಗ ನನ್ನ ದಿನ ಶುರುವಾಗುವುದು ಆರು ಗಂಟೆಗೆ. ಪಕ್ಕದ ಬಡಾವಣೆಯಿಂದ ಹೊರಡುವ ಮುನ್ಸೂಚನೆಯನ್ನು ಫೋನಿನಲ್ಲಿ ನೋಡುತ್ತೇನೆ, ಕೆಂಪಿದ್ದರೆ ಅವನಿಗೆ ಕಳಿಸುತ್ತೇನೆ. ಅಷ್ಟರೊಳಗೆ ಅವನು ಅಳಿವೆ ನೋಡಿ ಬಂದಿರುತ್ತಾನೆ. ಕೆಲವು ದಿನ ಹೋಗುವುದಿಲ್ಲ. ಹೋದ ದಿನ ಏಳೂವರೆಗೋ ಎಂಟಕ್ಕೋ ಒಂದು ಮೆಸೇಜ್ ಬರುತ್ತದೆ: "ದೋಣಿ ಕಟ್ದೆ ಅಕ್ಕ." ಎಷ್ಟು ಮೀನು, ಎಷ್ಟು ದರ ಎಂದು ನಾನು ಕೇಳುವುದಿಲ್ಲ. ಚಪಾತಿ ಸುತ್ತಿ ಮಗಳ ಡಬ್ಬಿ ಮುಚ್ಚುತ್ತೇನೆ.